ಆಂದ್ರೆಯಾಸ್ ಹೋಫರ್: ಸೋಲಿನಲ್ಲೂ ಜಪಮಾಲೆ ಬಿಡದ ಮುಖಂಡ

ಗೆದ್ದಾಗ ದೇವರಿಗೆ ವಂದನೆ ಹೇಳುವುದು ಸುಲಭ. ಸೋತಾಗ, ಅದರಲ್ಲೂ ತಪ್ಪು ನಮ್ಮದೇ ಆಗಿದ್ದಾಗ, ಪ್ರಾರ್ಥನೆಗೆ ಮೊಣಕಾಲೂರುವುದು ಕಷ್ಟ. ಅಂಥ ಕಷ್ಟದ ಪ್ರಾರ್ಥನೆ ಮಾಡಿದ ಒಬ್ಬ ಗೃಹಸ್ಥರ ಕಥೆ ಕೇಳಿ.

ಇಟಲಿಯ ಉತ್ತರ ತುದಿಯಲ್ಲಿ, ಆಸ್ಟ್ರಿಯದ ಗಡಿಗೆ ಸಮೀಪ, ಆಲ್ಪ್ಸ್ ಬೆಟ್ಟಗಳ ನಡುವೆ ಪಾಸೈಯರ್ ಎಂಬ ಕಣಿವೆಯಿದೆ. ಅಲ್ಲಿ ಸಂತ ಲಿಯೋನಾರ್ಡರ ಹೆಸರು ಹೊತ್ತ ಒಂದು ಊರು. ಊರು ಇಟಲಿಯದಾದರೂ ಬಹುತೇಕ ಜನರ ಮನೆಮಾತು ಜರ್ಮನ್. ಏಕೆಂದರೆ ಮೊದಲ ಮಹಾಯುದ್ಧದ ತನಕ ಅದು ಆಸ್ಟ್ರಿಯದ ಟಿರೋಲ್ ಪ್ರಾಂತ್ಯಕ್ಕೆ ಸೇರಿತ್ತು.

ಆಂದ್ರೆಯಾಸ್ ಹೋಫರ್ ಅಲ್ಲಿ 1767ರ ನವೆಂಬರ್ 22ರಂದು ಜನಿಸಿದರು. ಮೂರನೆಯ ವಯಸ್ಸಿಗೆ ತಾಯಿಯನ್ನು, ಏಳನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡರು. 1789ರಲ್ಲಿ ಆನಾ ಲಾಡುರ್ನರ್ ಎಂಬವರನ್ನು ಮದುವೆಯಾದರು. ದಾರಿಹೋಕರಿಗೆ ಊಟ, ವಸತಿ ನೀಡುವ ಮನೆತನದ ಹೋಟೆಲು ನಡೆಸುತ್ತಾ, ದ್ರಾಕ್ಷಾರಸ ಮತ್ತು ಕುದುರೆಗಳ ವ್ಯಾಪಾರ ಮಾಡುತ್ತಿದ್ದರು. ಸಾಲವೂ ಇತ್ತು. ನಮ್ಮನಿಮ್ಮಂಥದೇ ಸಂಸಾರ.

1805ರಲ್ಲಿ ನೆಪೋಲಿಯನ್ ಟಿರೋಲನ್ನು ತನ್ನ ಮಿತ್ರ ರಾಜ್ಯವಾದ ಬವೇರಿಯಕ್ಕೆ ಕೊಡಿಸಿದ. ಹೊಸ ಸರ್ಕಾರ ಕ್ರಿಸ್ಮಸ್ ಮಧ್ಯರಾತ್ರಿಯ ಬಲಿಪೂಜೆಯನ್ನೂ ಅನೇಕ ಮೆರವಣಿಗೆಗಳನ್ನೂ ನಿಷೇಧಿಸಿತು; ಯುವಕರನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸತೊಡಗಿತು. 1809ರ ಏಪ್ರಿಲ್‌ನಲ್ಲಿ ರೈತರು ದಂಗೆಯೆದ್ದರು. ಹೋಫರ್ ಅವರ ಮುಖಂಡರಾದರು. ಟಿರೋಲಿನ ಜನಪ್ರತಿನಿಧಿಗಳು 1796ರಲ್ಲೇ ತಮ್ಮ ನಾಡನ್ನು ಯೇಸುವಿನ ತಿರುಹೃದಯಕ್ಕೆ ಸಮರ್ಪಿಸಿದ್ದರು. ಆ ಹರಕೆಯನ್ನು ಹೋಫರ್ ನವೀಕರಿಸಿದರು.

ಇನ್ಸ್‌ಬ್ರುಕ್ ಬಳಿಯ ಬೆರ್ಗಿಸೆಲ್ ಗುಡ್ಡದಲ್ಲಿ ಅವರು ಮೇ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಗೆದ್ದರು. ಸುಮಾರು ಎರಡು ತಿಂಗಳು ಇನ್ಸ್‌ಬ್ರುಕ್ಕಿನ ಅರಮನೆಯಲ್ಲಿದ್ದು ನಾಡನ್ನಾಳಿದರು. ಅರಮನೆಯಲ್ಲೂ ಹಳ್ಳಿಯ ಉಡುಪು, ಸರಳ ಊಟ, ಸಂಜೆಯ ಜಪಮಾಲೆ ಬಿಡಲಿಲ್ಲ.

ಆದರೆ ಅಕ್ಟೋಬರ್ 14ರಂದು ಆಸ್ಟ್ರಿಯದ ಚಕ್ರವರ್ತಿ ನೆಪೋಲಿಯನ್ನನ ಜೊತೆ ಸಂಧಿ ಮಾಡಿಕೊಂಡು ಟಿರೋಲನ್ನು ಕೈಬಿಟ್ಟ. ನವೆಂಬರ್ 1ರಂದು ರೈತರು ಸೋತರು. ಹೋಫರ್ ಮೊದಲು ಶಸ್ತ್ರ ಕೆಳಗಿಡಲು ಒಪ್ಪಿದರು. ಬಳಿಕ ಹಠವಾದಿಗಳ ಒತ್ತಾಯಕ್ಕೆ ಮಣಿದು ಮತ್ತೆ ಯುದ್ಧಕ್ಕೆ ಕರೆಕೊಟ್ಟರು. ಇದು ಅವರ ದೊಡ್ಡ ತಪ್ಪು. ಅನೇಕರು ವ್ಯರ್ಥವಾಗಿ ಪ್ರಾಣ ತೆತ್ತರು. ಈ ಮಾತನ್ನು ನಾವು ಮುಚ್ಚಿಡಬೇಕಾಗಿಲ್ಲ.

ಹೋಫರ್ ಬೆಟ್ಟದ ಮೇಲಿನ ಗುಡಿಸಲೊಂದರಲ್ಲಿ ಅಡಗಿದರು. ತಲೆಗೆ 1,500 ಗುಲ್ಡನ್ ಬಹುಮಾನವಿತ್ತು. ಅದೇ ಕಣಿವೆಯ ಫ್ರಾನ್ಸ್ ರಾಫ್ಲ್ ಸುಳಿವು ಕೊಟ್ಟ. 1810ರ ಜನವರಿ 28ರ ಚಳಿಯಲ್ಲಿ ಹೆಂಡತಿ, ಮಗನೊಂದಿಗೆ ಅವರನ್ನು ಸೆರೆಹಿಡಿದರು. ಬೋಲ್ಜಾನೊ ಪಟ್ಟಣದಲ್ಲಿ ಹೆಂಡತಿ, ಮಗನನ್ನು ಬಿಡುಗಡೆ ಮಾಡಿ, ಹೋಫರರನ್ನು ಮಾಂಟುವ ಕೋಟೆಗೆ ಒಯ್ದರು. ಗಂಡಹೆಂಡಿರ ಕೊನೆಯ ಭೇಟಿ ಅದೇ.

ಫೆಬ್ರವರಿ 20ರಂದು ಮರಣದಂಡನೆ. ಅಂದು ಮುಂಜಾನೆ ಮಿತ್ರರೊಬ್ಬರಿಗೆ ಕಾಗದ ಬರೆದರು. ಅದರಲ್ಲಿ ದೂರಿಲ್ಲ, ಶಾಪವಿಲ್ಲ. ತನ್ನ ಆತ್ಮಕ್ಕಾಗಿ ಬಲಿಪೂಜೆ ಅರ್ಪಿಸಬೇಕು, ಎಲ್ಲರೂ ಪ್ರಾರ್ಥಿಸಬೇಕು, ಬಂದವರಿಗೆ ಊಟ ಹಾಕಿ ದ್ರಾಕ್ಷಾರಸ ಕೊಡಬೇಕು ಎಂದು ಕೇಳಿಕೊಂಡರು. ಸಾಯುವಾಗಲೂ ಅತಿಥಿಗಳ ಹೊಟ್ಟೆಯ ಚಿಂತೆ! ಕಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳದೆ, ನಿಂತೇ ಗುಂಡಿಗೆ ಎದೆಯೊಡ್ಡಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಚಕ್ರವರ್ತಿ ತನ್ನ ಮಗಳನ್ನು ನೆಪೋಲಿಯನ್ನನಿಗೇ ಮದುವೆ ಮಾಡಿಕೊಟ್ಟ.

ಧರ್ಮಸಭೆ ಹೋಫರರನ್ನು ಸಂತರೆಂದು ಸಾರಿಲ್ಲ. 1823ರಲ್ಲಿ ಅವರ ಅವಶೇಷಗಳನ್ನು ಇನ್ಸ್‌ಬ್ರುಕ್ಕಿನ ಅರಮನೆ ದೇವಾಲಯಕ್ಕೆ ತರಲಾಯಿತು. ತಿರುಹೃದಯದ ಹಬ್ಬದ ಭಾನುವಾರ ರಾತ್ರಿ ಅಲ್ಲಿನ ಬೆಟ್ಟಗಳ ಮೇಲೆ ಇಂದಿಗೂ ಬೆಂಕಿ ಉರಿಯುತ್ತದೆ.

ಓದುಗರೇ, ಅರಸರು ಕೈಬಿಡುತ್ತಾರೆ, ನೆರೆಯವರು ಮಾರುತ್ತಾರೆ, ನಾವೂ ತಪ್ಪುತ್ತೇವೆ. ಆದರೂ ನಮಗಾಗಿ ಪ್ರಾರ್ಥಿಸಿ ಎಂದು ಕೇಳಲು ನಾಚಬೇಕಾಗಿಲ್ಲ. ಇಂದು ಸಂಜೆ ಮನೆಮಂದಿ ಜಪಮಾಲೆಗೆ ಕುಳಿತಾಗ, ಸೋತು ಕುಗ್ಗಿರುವವರು ಮನೆಯಲ್ಲಿ ಯಾರಿದ್ದಾರೆಂದು ಒಮ್ಮೆ ನೋಡಿ. ಮೊದಲ ಪ್ರಾರ್ಥನೆ ಅವರಿಗಾಗಿ ಇರಲಿ.