ಮೀನುಪೇಟೆಯ ಲೆಕ್ಕ ಬಿಡಿಸಿದ ಗಣಿತಜ್ಞ

ಗಣಿತಶಾಸ್ತ್ರದ ಮಹಾಪಂಡಿತನೊಬ್ಬನು ಮೀನುಪೇಟೆಯ ಲೆಕ್ಕಕ್ಕೆ ಕೈಹಾಕಿದನೆಂದರೆ ನಗುವವರುಂಟು. ಇಟಲಿಯ ವಿಟೊ ವೊಲ್ಟೆರಾನ ಜೀವನವನ್ನು ನಾನು ಓದತೊಡಗಿದ್ದೂ ಅಂಥ ಕುತೂಹಲದಿಂದಲೇ. ಮುಗಿಸುವ ಹೊತ್ತಿಗೆ ಮೀನಿಗಿಂತ ಮನುಷ್ಯನೇ ನನ್ನ ಮನಸ್ಸನ್ನು ಹೆಚ್ಚು ಸೆಳೆದಿದ್ದ.

1860ರಲ್ಲಿ ಅಂಕೋನಾ ಪಟ್ಟಣದ ಯೆಹೂದಿ ಮನೆತನವೊಂದರಲ್ಲಿ ಹುಟ್ಟಿದ ಆತ ಎರಡರ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ. ಬಡತನದಲ್ಲಿ ಬೆಳೆದವನು ಇಪ್ಪತ್ತಮೂರಕ್ಕೆ ಪೀಸಾದಲ್ಲಿ ಪ್ರಾಧ್ಯಾಪಕನಾದ. 1905ರಲ್ಲಿ ಸೆನೆಟರನೂ ಆದ. ಮೊದಲನೆಯ ಮಹಾಯುದ್ಧದಲ್ಲಿ, ಐವತ್ತು ದಾಟಿದ ಮೇಲೆ, ತಾನಾಗಿ ಸೈನ್ಯ ಸೇರಿ ವಾಯುನೌಕೆಗಳ ಕೆಲಸದಲ್ಲಿ ತೊಡಗಿದ.

ಮುಂದೆ ಆತನ ಅಳಿಯನಾದ ಪ್ರಾಣಿಶಾಸ್ತ್ರಜ್ಞ ಉಂಬೆರ್ಟೊ ಡಂಕೋನಾ ಏಡ್ರಿಯಾಟಿಕ್ ತೀರದ ಪೇಟೆಗಳ ಲೆಕ್ಕವನ್ನು ಮುಂದಿಟ್ಟ. ಯುದ್ಧದಿಂದ ಮೀನುಗಾರಿಕೆ ಕುಗ್ಗಿದ ಕಾಲವದು. ಫಿಯೂಮೆಯಲ್ಲಿ 1914ರಲ್ಲಿ ನೂರಕ್ಕೆ 12ರಷ್ಟಿದ್ದ ಶಾರ್ಕ್ ಮೊದಲಾದ ಭಕ್ಷಕ ಮೀನುಗಳು 1918ರಲ್ಲಿ 36ಕ್ಕೆ ಏರಿದ್ದವು. ಬಲೆ ತಪ್ಪಿದರೆ ಎಲ್ಲ ಮೀನೂ ಹೆಚ್ಚಬೇಕಲ್ಲವೆ? ತಿನ್ನುವ ಮೀನೇ ಏಕೆ ಹೆಚ್ಚಬೇಕು?

1926ರಲ್ಲಿ ವೊಲ್ಟೆರಾ ಎರಡು ಸಮೀಕರಣಗಳಿಂದ ಉತ್ತರಿಸಿದ. ಬೇಟೆ ಬೆಳೆದರೆ ಬೇಟೆಗಾರ ಬೆಳೆಯುತ್ತಾನೆ. ಬೇಟೆ ತೀರಿದರೆ ಹಸಿದು ಸಾಯುತ್ತಾನೆ. ಬೇಟೆ ಮತ್ತೆ ಚಿಗುರುತ್ತದೆ. ಒಂದರ ಹಿಂದೊಂದು ಅಲೆ. ಬಲೆ ಬೀಸುವುದು ಕಡಮೆಯಾದಾಗ ಸರಾಸರಿಯಲ್ಲಿ ಲಾಭ ಭಕ್ಷಕನಿಗೇ. ಅಮೆರಿಕದ ಆಲ್ಫ್ರೆಡ್ ಲೋಟ್ಕಾ ಸ್ವತಂತ್ರವಾಗಿ ಇದೇ ಸಮೀಕರಣಗಳನ್ನು ಮೊದಲೇ ಬರೆದಿದ್ದನೆಂಬುದನ್ನೂ ಹೇಳಬೇಕು.

ಆದರೆ ಈ ಲೆಕ್ಕದಲ್ಲಿ ಜೀವಿಗಳ ಸಂಖ್ಯೆ ಬದಲಾಗುತ್ತದೆಯೇ ಹೊರತು ಸ್ವಭಾವ ಬದಲಾಗುವುದಿಲ್ಲ. ವಿಕಾಸಕ್ಕೆ ಯುಗಗಳೇ ಬೇಕೆಂದು ಬಹುಮಂದಿ ನಂಬಿದ್ದ ಕಾಲ. 2003ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಪಾಚಿಯನ್ನೂ ಅದನ್ನು ತಿನ್ನುವ ರೋಟಿಫರ್ ಎಂಬ ಸೂಕ್ಷ್ಮಜೀವಿಯನ್ನೂ ಒಟ್ಟಿಗೆ ಸಾಕಿ ನೋಡಿದರು. ಪಾಚಿಯೆಲ್ಲ ಒಂದೇ ತಳಿಯದಾದಾಗ ಹಳೆಯ ಅಲೆಯೇ ಕಂಡಿತು. ಹಲವು ತಳಿಗಳಿದ್ದಾಗ, ಮೇಯುವವರು ಹೆಚ್ಚಿದಂತೆ, ಸುಲಭವಾಗಿ ಜೀರ್ಣವಾಗದ ತಳಿ ಮೇಲುಗೈ ಪಡೆಯಿತು. ಪಾಚಿ ತುಂಬಿದ್ದರೂ ರೋಟಿಫರುಗಳು ಇಳಿಯುತ್ತ ಹೋದವು! ಅವು ವಿರಳವಾದ ಮೇಲೆ, ಬೇಗ ಬೆಳೆಯಬಲ್ಲ ಮೃದು ತಳಿ ಮತ್ತೆ ತಲೆಯೆತ್ತಿತು. ಅಲೆಗಳು ನೀಳವಾದವು, ಒಂದರ ಏರು ಇನ್ನೊಂದರ ಇಳಿತವಾಯಿತು. ವಿಕಾಸ ಕೆಲವೇ ವಾರಗಳಲ್ಲಿ ನಡೆದುಹೋಗಿತ್ತು. ವೊಲ್ಟೆರಾನ ಸರಳ ಲೆಕ್ಕವಿರದಿದ್ದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ ಎಂದು ನನಗನಿಸುತ್ತದೆ.

1931ರಲ್ಲಿ ಫ್ಯಾಸಿಸ್ಟ್ ಸರ್ಕಾರ ಪ್ರಾಧ್ಯಾಪಕರೆಲ್ಲ ತನಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ವಿಧಿಸಿತು. ಸಾವಿರಕ್ಕೂ ಮಿಕ್ಕ ಪ್ರಾಧ್ಯಾಪಕರಲ್ಲಿ ನಿರಾಕರಿಸಿದವರು ಹನ್ನೆರಡರ ಆಸುಪಾಸು. ಎಪ್ಪತ್ತೊಂದರ ವೊಲ್ಟೆರಾ ಅವರಲ್ಲೊಬ್ಬ. ರೋಮಿನ ಪೀಠ ಕೈತಪ್ಪಿತು. ಜೀವನ ಸಂಗ್ರಾಮದ ಗಣಿತವನ್ನು ಕುರಿತ ಆತನ ಉಪನ್ಯಾಸಗಳು ಗ್ರಂಥವಾಗಿ ಪ್ಯಾರಿಸಿನಲ್ಲಿ ಹೊರಬಂದುದು ಅದೇ ವರ್ಷ. 1940ರ ಅಕ್ಟೋಬರಿನಲ್ಲಿ ಆತ ರೋಮಿನಲ್ಲಿ ತೀರಿಕೊಂಡ.