ಮಕ್ಕಳ ಮನೆಯನ್ನು ಕಟ್ಟಿದ ವೈದ್ಯೆ

ಬೆಂಗಳೂರಿನ ಪಶ್ಚಿಮ ಭಾಗದ ಹೇರೋಹಳ್ಳಿ ಒಂದು ಕಾಲಕ್ಕೆ ಹಳ್ಳಿಯಾಗಿತ್ತು. ಇಂದು ಮಹಾನಗರದಲ್ಲಿ ಬೆರೆತುಹೋದ ಬಡಾವಣೆ. ಇಂತಹ ಬಡಾವಣೆಗಳ ಶಿಶುಶಾಲೆಗಳ ಹಲಗೆಗಳ ಮೇಲೆ ‘ಮಾಂಟೆಸರಿ’ ಎಂಬ ಪದ ಕಣ್ಣಿಗೆ ಬೀಳುವುದುಂಟು. ಒಂದನೆಯ ತರಗತಿಗೆ ಮುಂಚಿನ ತರಗತಿಗಳಿಗೇ ಅದು ಹೆಸರೆಂದು ತಿಳಿದವರು ಅನೇಕರು. ವಾಸ್ತವವಾಗಿ ಅದು ಒಬ್ಬ ಮಹಿಳೆಯ ಹೆಸರು. ಮಗು ಹೇಗೆ ಬೆಳೆಯುತ್ತದೆ ಎಂಬ ಒಂದೇ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಬದುಕನ್ನೆಲ್ಲ ಸವೆಸಿದವರು ಡಾಕ್ಟರ್ ಮರಿಯಾ ಮಾಂಟೆಸರಿ.

ಮರಿಯಾ 1870ರ ಆಗಸ್ಟ್ 31ರಂದು ಇಟಲಿ ದೇಶದ ಕಿಯಾರವಾಲೆ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಸರಕಾರಿ ನೌಕರರು. ತಾಯಿ ಓದಿನಲ್ಲಿ ಆಸಕ್ತಿಯುಳ್ಳವರು. ಮರಿಯಾ ಐದು ವರ್ಷದವರಾಗಿದ್ದಾಗ ಕುಟುಂಬವು ರೋಮ್ ನಗರದಲ್ಲಿ ನೆಲೆಸಿತು. ಹೆಣ್ಣುಮಕ್ಕಳು ಹೆಚ್ಚೆಂದರೆ ಉಪಾಧ್ಯಾಯಿನಿಯರಾಗಬಹುದು ಎಂಬ ಭಾವನೆ ಬಲವಾಗಿದ್ದ ಕಾಲವದು. ಮರಿಯಾ ಅದನ್ನು ಲೆಕ್ಕಿಸದೆ ಗಂಡುಮಕ್ಕಳ ತಾಂತ್ರಿಕ ಶಾಲೆಯನ್ನು ಸೇರಿದರು. ಅನಂತರ ವೈದ್ಯವಿದ್ಯೆಯನ್ನು ಕಲಿಯಲು ನಿರ್ಧರಿಸಿದರು. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ತಾಯಿ ಬೆಂಬಲವಾಗಿ ನಿಂತರು. ಹುಡುಗರ ನಡುವೆ ಹೆಣ್ಣೊಬ್ಬಳು ಶವಪರೀಕ್ಷೆಯನ್ನು ಕಲಿಯುವುದು ಸಭ್ಯತೆಯಲ್ಲವೆಂದು, ಎಲ್ಲರೂ ಹೊರಟುಹೋದ ಮೇಲೆ ಆ ಕೋಣೆಯಲ್ಲಿ ಅವರೊಬ್ಬರೇ ಅಭ್ಯಾಸ ಮಾಡಬೇಕಾಗಿತ್ತು. ಇಷ್ಟಾದರೂ ಅವರು ಎದೆಗುಂದದೆ 1896ರಲ್ಲಿ ವೈದ್ಯಪದವಿಯನ್ನು ಪಡೆದು, ಇಟಲಿಯ ಮೊದಲ ಕೆಲವು ಮಹಿಳಾ ವೈದ್ಯರಲ್ಲಿ ಒಬ್ಬರಾದರು.

ರೋಮ್ ವಿಶ್ವವಿದ್ಯಾನಿಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸಮಾಡುತ್ತಿದ್ದಾಗ ಅವರ ಬಾಳಿಗೆ ಹೊಸ ತಿರುವು ಒದಗಿತು. ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳನ್ನು ಆಗ ಹುಚ್ಚರ ಆಸ್ಪತ್ರೆಗಳಲ್ಲಿ ಕೂಡಿಹಾಕುತ್ತಿದ್ದರು. ಬರಿಯ ಗೋಡೆಗಳ ಆ ಕೋಣೆಗಳಲ್ಲಿ ಮುಟ್ಟಲು, ಹಿಡಿಯಲು, ಆಡಲು ಏನೊಂದೂ ಇರಲಿಲ್ಲ. ಈ ಮಕ್ಕಳಿಗೆ ಬೇಕಾದುದು ಔಷಧಿಗಿಂತ ಹೆಚ್ಚಾಗಿ ಶಿಕ್ಷಣ ಎಂದು ಮಾಂಟೆಸರಿಯವರಿಗೆ ಮನವರಿಕೆಯಾಯಿತು. ಈತಾರ್ ಮತ್ತು ಸೆಗ್ಯಾಂ ಎಂಬ ಫ್ರೆಂಚ್ ವೈದ್ಯರ ಗ್ರಂಥಗಳನ್ನು ಅವರು ಆಳವಾಗಿ ಅಭ್ಯಾಸ ಮಾಡಿ, ಕೈಗೂ ಕಣ್ಣಿಗೂ ಕೆಲಸ ಕೊಡುವ ಸಾಧನಗಳ ಮೂಲಕ ಕಲಿಸತೊಡಗಿದರು. ಕೈಬಿಟ್ಟ ಮಕ್ಕಳಲ್ಲಿ ಕೆಲವರು ಓದುಬರಹ ಕಲಿತು ಸಾಮಾನ್ಯ ಮಕ್ಕಳೊಡನೆ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಜನರೆಲ್ಲರೂ ಬೆರಗಾದರು. ಮಾಂಟೆಸರಿಯವರನ್ನು ಮಾತ್ರ ಬೇರೊಂದು ಪ್ರಶ್ನೆ ಕಾಡಿತು: ಈ ಮಕ್ಕಳು ಇಷ್ಟು ಕಲಿಯಬಲ್ಲರಾದರೆ, ಆರೋಗ್ಯವಂತ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲಿ ಹಿಂದಕ್ಕೆ ಹಿಡಿದಿಟ್ಟಿರುವುದು ಯಾವುದು?

ಇದೇ ದಿನಗಳಲ್ಲಿ ಅವರ ಸ್ವಂತ ಬಾಳಿನಲ್ಲಿ ದೊಡ್ಡದೊಂದು ನೋವು ತುಂಬಿತು. 1898ರಲ್ಲಿ ಅವರಿಗೆ ಮಾರಿಯೋ ಎಂಬ ಮಗ ಹುಟ್ಟಿದನು. ಮಗುವಿನ ತಂದೆಯೊಡನೆ ವಿವಾಹವಾಗಿರಲಿಲ್ಲ. ಅಂದಿನ ಸಮಾಜದ ಕಟ್ಟುಪಾಡುಗಳ ನಡುವೆ ಮಗನನ್ನು ತಮ್ಮವನೆಂದು ಹೇಳಿಕೊಂಡು ಸಾಕುವುದು ಅವರಿಂದಾಗಲಿಲ್ಲ. ಅವನು ಪರರ ಮನೆಯಲ್ಲಿ ಬೆಳೆದು, ಹದಿಹರೆಯದಲ್ಲಿ ತಾಯಿಯ ಬಳಿಗೆ ಬಂದನು. ಲೋಕದ ಮಕ್ಕಳನ್ನು ಅಷ್ಟು ಹತ್ತಿರದಿಂದ ನೋಡಿದ ತಾಯಿಗೆ ತನ್ನ ಮಗನ ಬಾಲ್ಯವನ್ನು ದೂರದಿಂದಲೇ ನೋಡಬೇಕಾಯಿತು.

1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ ಆರಂಭವಾಯಿತು. ತಂದೆತಾಯಿಗಳು ಕೂಲಿಗೆ ಹೋದ ಮೇಲೆ ಪುಟ್ಟ ಮಕ್ಕಳು ಗೋಡೆಗಳನ್ನು ಕೆಡಿಸುತ್ತಿದ್ದುದರಿಂದ, ಕಟ್ಟಡದ ಒಡೆಯರು ಅವರನ್ನು ಒಂದೆಡೆ ಸೇರಿಸಿಡಲು ಒಂದು ಕೋಣೆಯನ್ನು ಕೊಟ್ಟಿದ್ದರು. ಗೋಡೆಗಳನ್ನು ಉಳಿಸಲು ಹುಟ್ಟಿದ ಈ ಏರ್ಪಾಡು ಶಿಕ್ಷಣದ ಇತಿಹಾಸವನ್ನೇ ಬದಲಿಸಿತು.

ಒಂದು ದಿನ ಅಲ್ಲಿ ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಬೇರೆಬೇರೆ ಗಾತ್ರದ ಮರದ ಉರುಳೆಗಳನ್ನು ಅವಕ್ಕೆ ತಕ್ಕ ಕುಳಿಗಳಲ್ಲಿ ಕೂರಿಸುತ್ತಿದ್ದಳು. ಎಲ್ಲವನ್ನೂ ಕೂರಿಸಿದ ಮೇಲೆ ಹೊರತೆಗೆದು ಮತ್ತೆ ಮೊದಲಿಡುವಳು. ಮಾಂಟೆಸರಿಯವರು ಸುತ್ತಲಿನ ಮಕ್ಕಳಿಂದ ಹಾಡು ಹೇಳಿಸಿದರು. ಹುಡುಗಿಯನ್ನು ಕುರ್ಚಿಯೊಡನೆ ಎತ್ತಿ ಮೇಜಿನ ಮೇಲಿಟ್ಟರು. ಆಕೆ ತಲೆಯೆತ್ತಲಿಲ್ಲ. ನಲವತ್ತಕ್ಕೂ ಹೆಚ್ಚು ಬಾರಿ ಅದೇ ಕೆಲಸವನ್ನು ಮಾಡಿ, ನಿದ್ದೆಯಿಂದ ಎದ್ದವಳಂತೆ ಪ್ರಸನ್ನಳಾಗಿ ಸುತ್ತಲೂ ನೋಡಿದಳು. ಮಗುವಿನ ಮನಸ್ಸು ಚಂಚಲವೆಂಬ ನಂಬಿಕೆ ಅಂದು ಅಲುಗಾಡಿತು. ತನಗೆ ಬೇಕಾದ ಕೆಲಸ ದೊರೆತಾಗ ಮಗು ಹಿರಿಯರಿಗಿಂತಲೂ ಏಕಾಗ್ರತೆಯಿಂದ ದುಡಿಯಬಲ್ಲದು ಎಂಬುದು ಸ್ಪಷ್ಟವಾಯಿತು. ಮರಳು ಕಾಗದದಿಂದ ಕತ್ತರಿಸಿದ ಅಕ್ಷರಗಳ ಮೇಲೆ ಬೆರಳಾಡಿಸಿದ ನಾಲ್ಕೈದು ವರ್ಷದ ಮಕ್ಕಳು ಯಾರ ಒತ್ತಾಯವೂ ಇಲ್ಲದೆ ಬರೆಯತೊಡಗಿದರು.

ಇಂತಹ ಅವಲೋಕನಗಳಿಂದ ಮಾಂಟೆಸರಿಯವರ ಸಿದ್ಧಾಂತವು ರೂಪುಗೊಂಡಿತು. ಮಗುವಿನ ಎತ್ತರ, ತೂಕಗಳು ಹೆಚ್ಚುವುದು ಬೆಳವಣಿಗೆ. ಅದನ್ನು ಅಳೆದು ನೋಡಬಹುದು. ನಡೆ, ನುಡಿ, ವಿಚಾರ, ಭಾವಗಳು ಅರಳುವುದು ವಿಕಾಸ. ಅದನ್ನು ತಾಳ್ಮೆಯಿಂದ ಗಮನಿಸಿಯೇ ತಿಳಿಯಬೇಕು. ಹುಟ್ಟಿನಿಂದ ಆರು ವರ್ಷದವರೆಗೆ ಮಗು ಸುತ್ತಲಿನ ಭಾಷೆಯನ್ನೂ ನಡವಳಿಕೆಯನ್ನೂ ಅರಿವಿಲ್ಲದೆಯೇ ಹೀರಿಕೊಳ್ಳುತ್ತದೆ. ಒಂದೊಂದು ಕಲಿಕೆಗೂ ಒಂದೊಂದು ಹದವಾದ ಕಾಲವುಂಟು. ಹದ ನೋಡಿ ಬಿತ್ತುವ ರೈತನಂತೆ ಶಿಕ್ಷಕನೂ ಆ ಕಾಲವನ್ನು ಗುರುತಿಸಬೇಕು ಎಂಬುದು ಅವರ ವಿಚಾರದ ತಿರುಳು.

ಮಗುವಿನ ವಿಕಾಸವನ್ನು ಕುರಿತು ಇತರರೂ ಆಳವಾಗಿ ಚಿಂತಿಸಿದರು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಗುವಿನ ಆಲೋಚನೆಯು ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆಂದು ವಿವರಿಸಿದರು. ರಷ್ಯದ ಲೆವ್ ವೈಗೋಟ್‌ಸ್ಕಿಯವರು ಹಿರಿಯರ ಹಾಗೂ ಜೊತೆಯವರ ಸಹವಾಸದಲ್ಲಿಯೇ ಬುದ್ಧಿ ಅರಳುತ್ತದೆಂದು ಒತ್ತಿ ಹೇಳಿದರು. ಮಾಂಟೆಸರಿ ಪದ್ಧತಿಯಲ್ಲಿ ಕಲ್ಪನೆಗೂ ಕೂಡಿ ಆಡುವುದಕ್ಕೂ ಸಾಕಷ್ಟು ಅವಕಾಶವಿಲ್ಲವೆಂದು ಆಕ್ಷೇಪಿಸಿದವರೂ ಉಂಟು. ಆದರೆ ಮಗು ಬರಿದಾದ ಪಾತ್ರೆಯಲ್ಲ, ತನ್ನ ಅರಿವನ್ನು ತಾನೇ ಕಟ್ಟಿಕೊಳ್ಳುವ ಜೀವ ಎಂಬ ವಿಷಯದಲ್ಲಿ ಈ ಮೂವರಿಗೂ ಒಮ್ಮತವಿತ್ತು.

ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಮೊದಲು ಮಾಂಟೆಸರಿ ಶಾಲೆಗಳಿಗೆ ಪ್ರೋತ್ಸಾಹ ನೀಡಿದನು. ಸ್ವತಂತ್ರವಾಗಿ ಯೋಚಿಸುವ ಮಕ್ಕಳೂ ಸರ್ವಾಧಿಕಾರವೂ ಒಟ್ಟಿಗೆ ಬಾಳುವುದು ಸಾಧ್ಯವಿರಲಿಲ್ಲ. 1934ರಲ್ಲಿ ಮಾಂಟೆಸರಿಯವರು ತಾಯ್ನಾಡನ್ನು ತೊರೆದರು. 1939ರಲ್ಲಿ ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮಗ ಮಾರಿಯೋನೊಡನೆ ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ನೀಡತೊಡಗಿದರು. 1940ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ತಾಯಿಮಕ್ಕಳು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುದೇಶದವರಾದರು. ಮಾರಿಯೋನನ್ನು ಬಂಧನದಲ್ಲಿಟ್ಟರು, ತಾಯಿ ಅಡ್ಯಾರನ್ನು ಬಿಟ್ಟು ಕದಲುವಂತಿರಲಿಲ್ಲ. ಬಾಲ್ಯದಲ್ಲಿ ದೂರವಾಗಿದ್ದ ಮಗ ಮತ್ತೊಮ್ಮೆ ದೂರವಾದನು. ಆ ವರ್ಷ ತಾಯಿಗೆ ಎಪ್ಪತ್ತು ತುಂಬಿದ ದಿನ ವೈಸರಾಯರು ಅವನ ಬಿಡುಗಡೆಯನ್ನೇ ಉಡುಗೊರೆಯಾಗಿ ಕಳುಹಿಸಿದರು.

ಮುಂದೆ ಕೊಡೈಕನಾಲಿನಲ್ಲಿಯೂ ಇತರ ಊರುಗಳಲ್ಲಿಯೂ ಅವರ ಕಾರ್ಯ ಸಾಗಿತು. ಸಾವಿರಕ್ಕೂ ಹೆಚ್ಚು ಭಾರತೀಯ ಶಿಕ್ಷಕರು ಅವರಿಂದ ತರಬೇತಿ ಪಡೆದರು. 1952ರ ಮೇ 6ರಂದು ಹಾಲೆಂಡಿನ ನೋರ್ಡ್‌ವೈಕ್ ಎಂಬಲ್ಲಿ ಅವರು ನಿಧನರಾದರು.

ಎಳೆಯ ಮಕ್ಕಳ ಬೆಳವಣಿಗೆ ಹಾಗೂ ವಿಕಾಸಗಳೆರಡನ್ನೂ ಜೊತೆಯಾಗಿ ನೋಡಬೇಕೆಂಬ ಅರಿವು ಕ್ರಮೇಣ ನಮ್ಮ ನಾಡಿನಲ್ಲಿಯೂ ಬೇರೂರಿತು. 1975ರ ಅಕ್ಟೋಬರ್ 2ರಂದು ಕರ್ನಾಟಕದ ಮೊದಲ ಅಂಗನವಾಡಿಗಳು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಆರಂಭವಾದವು. ಅಲ್ಲಿ ಮಗುವಿನ ತೂಕವನ್ನು ನೋಡುವ ಕೈಯೇ ಆಟವನ್ನೂ ಹಾಡನ್ನೂ ಕಲಿಸುತ್ತದೆ. ಆದರೂ ಮೂರು ವರ್ಷದ ಮಗುವಿನ ಕೈಗೆ ಬಲವಂತವಾಗಿ ಪೆನ್ಸಿಲನ್ನು ತುರುಕಿ, ನೆರೆಮನೆಯ ಮಗುವಿನೊಡನೆ ಹೋಲಿಸಿ ಹಳಿಯುವ ಆತುರ ಇನ್ನೂ ಅಳಿದಿಲ್ಲ. ಮಾಂಟೆಸರಿಯವರ ಹೆಸರನ್ನು ಹೊತ್ತ ಶಾಲೆಯಲ್ಲಿಯೇ ಹೀಗಾದರೆ ಅದು ಅವರ ಬಾಳಿನ ದುಡಿಮೆಯನ್ನೇ ಮರೆತಂತೆ. ಹೆಸರನ್ನು ಹಲಗೆಯ ಮೇಲೆ ಬರೆಯುವುದು ಸುಲಭ. ಮಗುವಿನ ಮುಂದೆ ತಾಳ್ಮೆಯಿಂದ ಕುಳಿತು, ಅದು ಏನನ್ನು ಬಯಸುತ್ತಿದೆ ಎಂದು ನೋಡುವುದು ಕಷ್ಟ. ಆ ಕಷ್ಟದ ಕೆಲಸವನ್ನು ಜೀವನವಿಡೀ ಮಾಡಿದುದೇ ಮರಿಯಾ ಮಾಂಟೆಸರಿಯವರ ಹಿರಿಮೆ.