ಮಣ್ಣನ್ನು ಅಳೆದ ಮಹನೀಯ

ಸೇತುವೆಯ ಭಾರವನ್ನೆಲ್ಲ ಕೊನೆಗೆ ಹೊರುವುದು ಅಡಿಯ ಮಣ್ಣು. ಆ ಮಣ್ಣನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ಶಾಸ್ತ್ರಕ್ಕೆ ತಳಪಾಯ ಹಾಕಿದವರು ಕಾರ್ಲ್ ಟರ್ಜಾಗಿ. 1883ರಲ್ಲಿ ಪ್ರಾಗ್ ನಗರದಲ್ಲಿ ಜನಿಸಿ, ಗ್ರಾಝ್‌ನಲ್ಲಿ ಯಂತ್ರಶಿಲ್ಪ ಕಲಿತರು. ಊಹೆಯನ್ನು ನಂಬಿ ಅಡಿಪಾಯ ಹಾಕುವುದು ಅವರಿಗೆ ಒಗ್ಗಲಿಲ್ಲ. ಇಸ್ತಾಂಬುಲಿನ ರಾಬರ್ಟ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಚುಟ್ಟದ ಪೆಟ್ಟಿಗೆ ಹಾಗೂ ಕಸದ ರಾಶಿಯ ಸಾಮಾನುಗಳಿಂದಲೇ ಉಪಕರಣ ಹೂಡಿ ಜೇಡಿಮಣ್ಣನ್ನು ಪರೀಕ್ಷಿಸಿದರು. ಭಾರ ಬಿದ್ದೊಡನೆ ಅದನ್ನು ಮಣ್ಣಿನೊಳಗಿನ ನೀರು ಹೊರುತ್ತದೆ. ನೀರು ಮೆಲ್ಲನೆ ಹೊರಸರಿದಂತೆ ಭಾರ ಕಣಗಳಿಗೆ ದಾಟಿ, ನೆಲ ವರ್ಷಗಟ್ಟಲೆ ಕುಗ್ಗುತ್ತದೆಂದು ಕಂಡುಕೊಂಡರು. 1925ರಲ್ಲಿ ಅವರ ಗ್ರಂಥ ಹೊರಬಂದಿತು. 1963ರಲ್ಲಿ ಅಮೆರಿಕದಲ್ಲಿ ನಿಧನರಾದರು.

ನಮ್ಮ ಯಡ್ತರೆಯ ಸುತ್ತ ಗುಡ್ಡದಲ್ಲಿ ಮುರಕಲ್ಲು, ಹೊಳೆಬದಿಯಲ್ಲಿ ಕೆಸರು. ಅಲ್ಲಿ ಕಂಬ ನಿಲ್ಲಿಸುವವರು ಇಂದಿಗೂ ಆಳದ ಮಣ್ಣು ತೆಗೆಸಿ, ಅವರು ತೋರಿದಂತೆ ಒತ್ತಿ ನೋಡಬೇಕು. ಮನೆಯಲ್ಲಿ ಮೊದಲಿಗನಾಗಿ ಕಾಲೇಜಿಗೆ ಬಂದ ನನಗೆ, ಕಸದಿಂದ ಶಾಸ್ತ್ರವೊಂದನ್ನು ಎತ್ತಿದ ಈ ಬಾಳು ದೊಡ್ಡ ಧೈರ್ಯ.